ದಡದಲ್ಲಿ ಗಾಳ ಹಾಕುವವರಿಗೆ ಅಲುಗಾಡದ ರಾಡ್ ಸ್ಟ್ಯಾಂಡ್: ಹುಡುಕುವುದು, ಮಾಡುವುದು, ನೆಡುವುದು

ಕೆರೆ ದಡದಲ್ಲಿ ರಾಡ್ (ರೀಲು ಜೋಡಿಸಿದ ಗಾಳದ ಕೋಲು) ಕಳೆದುಕೊಳ್ಳುವವರು ಹೆಚ್ಚಾಗಿ ಒಂದೇ ರೀತಿಯಲ್ಲಿ ಕಳೆದುಕೊಳ್ಳುತ್ತಾರೆ. ಒಂದು ಕವೆಗೋಲು ನೆಟ್ಟು ಅದರ ಮೇಲೆ ರಾಡ್ ಒರಗಿಸುತ್ತಾರೆ, ಬುಡವನ್ನು ಕಲ್ಲಿಗೆ ಆನಿಸುತ್ತಾರೆ, ರೀಲಿನ ಡ್ರ್ಯಾಗ್ (ಎಷ್ಟು ಎಳೆತಕ್ಕೆ ರೀಲು ಲೈನ್ ಬಿಡಬೇಕೆಂದು ಹೊಂದಿಸುವ ತಿರುಪು) ಬಿಗಿ ಮಾಡಿ ಬುತ್ತಿ ಬಿಚ್ಚುತ್ತಾರೆ. ನಾಲ್ಕು ಕಿಲೋ ಗೆಂಡೆ ಮೀನು ಗಾಳ ಕಚ್ಚಿ ಆಳಕ್ಕೆ ತಿರುಗಿದರೆ ರಾಡ್ ಕವೆಯ ಮೇಲೆ ಜಾರಿ ರೀಲ್ ಸಮೇತ ನೀರು ಸೇರುತ್ತದೆ. ಎದ್ದು ಓಡಿ ಹಿಡಿಯೋಣವೆಂದರೆ ಎರಡು ಸೆಕೆಂಡೂ ಸಿಗುವುದಿಲ್ಲ.

ಸ್ಟ್ಯಾಂಡ್ ಎಂದರೆ ಎಲ್ಲರೂ ಮೊದಲು ನೋಡುವುದು ರಾಡ್ ಕೂರುವ ಪೈಪನ್ನು. ಪೈಪು ಸೋಲುವುದು ಅಪರೂಪ. ಸೋಲುವುದು ಮಣ್ಣೊಳಗಿನ ಕಾಲು. ಆದ್ದರಿಂದ ನಿಮ್ಮ ಊರಿನ ದಡದ ಮಣ್ಣು ಯಾವುದು, ಅದು ಕಾಲನ್ನು ಎಷ್ಟು ಹಿಡಿದುಕೊಳ್ಳುತ್ತದೆ ಎಂಬುದನ್ನು ಮೊದಲು ನೋಡಿಕೊಂಡು, ಆಮೇಲೆ ಕಬ್ಬಿಣದ ಅಂಗಡಿಗೆ ಹೋಗಬೇಕು.

ಎಷ್ಟು ಬಲ ತಡೆಯಬೇಕು?

7 ಅಡಿ ರಾಡನ್ನು ಸ್ಟ್ಯಾಂಡಿನಲ್ಲಿ ನೆಟ್ಟಗೆ ನಿಲ್ಲಿಸಿದರೆ ತುದಿ ನೆಲದಿಂದ ಎರಡು ಚಿಲ್ಲರೆ ಮೀಟರ್ ಮೇಲಿರುತ್ತದೆ. ಮೀನು ಎಳೆದಾಗ ಬಾಗಿ 2 ಮೀಟರಿಗೆ ಇಳಿಯಿತು ಅಂದುಕೊಳ್ಳಿ. ಅಲ್ಲಿ 2 ಕಿಲೋ ಎಳೆತ ಬಿದ್ದರೆ, ನೆಲಮಟ್ಟದಲ್ಲಿ ಸ್ಟ್ಯಾಂಡಿನ ಕಾಲಿಗೆ ಬೀಳುವ ಹೊರೆ ಒಂದು ಮೀಟರ್ ಉದ್ದದ ಹಾರೆಯ ತುದಿಗೆ 4 ಕಿಲೋ ನೇತುಹಾಕಿದಷ್ಟು. ಇದೇ ಅಳತೆಯಲ್ಲಿ ಯಾವ ಕಬ್ಬಿಣ ಎಷ್ಟಕ್ಕೆ ಶಾಶ್ವತವಾಗಿ ಬಾಗುತ್ತದೆ ನೋಡಿ. 8 ಮಿ.ಮೀ. ಟಿಎಂಟಿ ಸರಳು ಎರಡೂವರೆ ಕಿಲೋಗೆ, 10 ಮಿ.ಮೀ. ಟಿಎಂಟಿ 5 ಕಿಲೋಗೆ, 12 ಮಿ.ಮೀ. ಟಿಎಂಟಿ ಸುಮಾರು ಎಂಟೂವರೆಗೆ ಬಾಗುತ್ತವೆ. ಅದೇ 12 ಮಿ.ಮೀ. ನಯವಾದ ಮೆದು ಉಕ್ಕಿನ ಸರಳಾದರೆ 4 ಕಿಲೋ ಚಿಲ್ಲರೆಗೇ ಬಾಗುತ್ತದೆ. ಕಿಟಕಿ ಗ್ರಿಲ್ಲಿನಿಂದ ಮಿಕ್ಕ ಸರಳಿನಲ್ಲಿ ಮಾಡಿದ ಸ್ಟ್ಯಾಂಡುಗಳು ಎರಡನೇ ಮೀನಿಗೇ ಬಿಲ್ಲಾಗುವುದು ಇದೇ ಕಾರಣಕ್ಕೆ.

25×25×3 ಅಳತೆಯ ಎಲ್ ಆಂಗಲ್ ಕೂಡ, ಅದರ ಬಾಯಿ ನೀರಿನ ಕಡೆಗಿದ್ದಾಗ, ಸುಮಾರು 8 ಕಿಲೋವರೆಗೆ ತಡೆಯುತ್ತದೆ. ಅಂದರೆ ಬಾಗುವ ವಿಷಯದಲ್ಲಿ ಅದು 12 ಮಿ.ಮೀ. ಟಿಎಂಟಿಗೆ ಸರಿಸಮ. ಮಣ್ಣು ಹಿಡಿಯುವುದರಲ್ಲಿ ಮಾತ್ರ ಎರಡಕ್ಕೂ ಹೋಲಿಕೆಯೇ ಇಲ್ಲ. ಸರಳು ಮಣ್ಣಿಗೆ ಒಡ್ಡುವ ಅಗಲ 12 ಮಿ.ಮೀ., ಆಂಗಲ್ ಒಡ್ಡುವ ಅಗಲ 35 ಮಿ.ಮೀ. ಮೇಲಾಗಿ ದುಂಡನೆಯ ಸರಳು ನೆಲದೊಳಗೆ ತಿರುಗುತ್ತದೆ. ಮೀನು ಎಡಕ್ಕೋ ಬಲಕ್ಕೋ ಓಡಿದರೆ ಸ್ಟ್ಯಾಂಡೂ ಅತ್ತ ತಿರುಗಿ, ರಾಡ್ ಪಕ್ಕದ ರಾಡಿಗೆ ಬಡಿಯುತ್ತದೆ. ಆಂಗಲ್ ತಿರುಗುವುದಿಲ್ಲ. ಮಣ್ಣಿನ ದಡಕ್ಕೆ ಆಂಗಲ್ಲೇ ಸರಿ.

ದಡ ನೋಡಿ ಕಾಲಿನ ಉದ್ದ

ಕೆಂಪು ಮಣ್ಣು, ಗರಸು ಸೇರಿದ ಗಟ್ಟಿ ನೆಲವಾದರೆ ಕಾಲು 40 ಸೆಂ.ಮೀ. ಒಳಗಿಳಿದರೆ ಸಾಕು. ಕೋಲಾರ, ತುಮಕೂರು, ಹಾಸನದ ಕಡೆಯ ಕೆರೆಗಳಲ್ಲಿ ಹೆಚ್ಚಾಗಿ ಸಿಗುವುದು ಇದೇ. ಬೇಸಿಗೆಯಲ್ಲಿ ಈ ನೆಲ ಕಲ್ಲಿನಂತಾಗುತ್ತದೆ. ಆಗ ಸುತ್ತಿಗೆಯಿಂದ ಆಂಗಲ್ ಬಡಿದು ತಲೆ ಚಪ್ಪಟೆ ಮಾಡುವ ಬದಲು, ಮೊದಲು ಹಾರೆಯಿಂದ 20 ಸೆಂ.ಮೀ. ಕುಳಿ ಮಾಡಿ, ಒಂದು ಲೋಟ ನೀರು ಹೊಯ್ದು, ಐದು ನಿಮಿಷ ಬಿಟ್ಟು ಬಡಿಯಿರಿ.

ಎರೆ ಮಣ್ಣು ಮೋಸ ಮಾಡುವ ಮಣ್ಣು. ತುಂಗಭದ್ರಾ, ಮಲಪ್ರಭಾ, ಆಲಮಟ್ಟಿ ಹಿನ್ನೀರಿನ ಅಂಚಿನಲ್ಲಿ ನಿಂತರೆ ಕಾಣುತ್ತದೆ: ಮೇಲೆ ಒಣಗಿ ಬಿರುಕು ಬಿಟ್ಟಿರುತ್ತದೆ, ಒಂದು ಗೇಣು ಕೆಳಗೆ ಬೆಣ್ಣೆಯಂತಿರುತ್ತದೆ. ಬಿರುಕಿನ ಪಕ್ಕದಲ್ಲಿ ನೆಟ್ಟ ಕಾಲು ಮೊದಮೊದಲು ಬಿಗಿಯಾಗೇ ಇರುತ್ತದೆ. ಎಳೆತ ಬಿದ್ದೊಡನೆ ಮಣ್ಣಿನ ಹೆಂಟೆಯೇ ಕಾಲಿನ ಸಮೇತ ಮಗುಚುತ್ತದೆ. ಇಲ್ಲಿ ಕನಿಷ್ಠ 60 ಸೆಂ.ಮೀ. ಒಳಗೆ ಹೋಗಲೇಬೇಕು, ಬಿರುಕಿನಿಂದ ಎರಡು ಗೇಣು ದೂರವೂ ಇರಬೇಕು. ಹಿನ್ನೀರು ಇಳಿದ ಮೇಲೆ ಉಳಿಯುವ ಹೂಳಿನ ಬಯಲಿನಲ್ಲಂತೂ ಸ್ಟ್ಯಾಂಡಿನ ಮಾತು ಬಿಡಿ, ಮನುಷ್ಯನೇ ಮೊಣಕಾಲವರೆಗೆ ಹೂತುಹೋಗುತ್ತಾನೆ. ಅಲ್ಲಿ ನೀರಿನಂಚಿಗೆ ಹೋಗುವ ಆಸೆ ಬೇಡ. ಹುಲ್ಲು ಬೆಳೆದ ಗಟ್ಟಿ ನೆಲದಲ್ಲಿ ನೆಟ್ಟು ದೂರ ಎಸೆಯಿರಿ.

ನದಿ ಮರಳು ಮತ್ತು ಕರಾವಳಿಯ ಅಳಿವೆಗಳಿಗೆ ಬೇರೆಯೇ ಆಕಾರ ಬೇಕು, ಬಂಡೆಗೂ ಕಲ್ಲು ಹೊದಿಸಿದ ಏರಿಗೂ ಇನ್ನೊಂದು. ಅವು ಮುಂದೆ ಬರುತ್ತವೆ.

ಕೈಗೆ ಸಿಕ್ಕಿದ್ದರಲ್ಲಿ: ಎರಡು ಕವೆ

ಏನೂ ಇಲ್ಲದೆ ದಡಕ್ಕೆ ಹೋಗಿದ್ದೀರಿ ಅಂದರೆ ಮಚ್ಚು ಒಂದಿದ್ದರೆ ಸಾಕು. ಸೀಬೆ, ಹುಣಸೆ, ಜಾಲಿ, ಇವು ಮೂರೂ ಒಳ್ಳೆಯ ಕವೆ ಕೊಡುತ್ತವೆ. ಚಾಟಿಬಿಲ್ಲಿಗೆ ಮಕ್ಕಳು ಸೀಬೆ ಕವೆಯನ್ನೇ ಹುಡುಕುವುದು ಅದು ಸೀಳದೆ ಬಾಗುತ್ತದೆಂದು. ನುಗ್ಗೆ, ಹಾಲವಾಣದ ಕೊಂಬೆ ಬೇಡ, ಬೆರಳಲ್ಲಿ ಮುರಿಯುತ್ತವೆ. ಯಾರದೋ ತೋಟದ ಮರಕ್ಕೆ ಕೈಹಾಕಬೇಡಿ. ಕೆರೆಯಂಗಳದ ಬಳ್ಳಾರಿ ಜಾಲಿ ಕಡಿದರೆ ಯಾರೂ ಬೇಡ ಅನ್ನುವುದಿಲ್ಲ, ಮುಳ್ಳು ಮಾತ್ರ ಜೋಪಾನ.

ಎರಡು ಕವೆ ಬೇಕು. ಮುಂದಿನದು ಹೆಬ್ಬೆರಳಿಗಿಂತ ದಪ್ಪ, 80 ಸೆಂ.ಮೀ. ಉದ್ದ, ಬಾಯಿ ಮೇಲ್ಮುಖ. ಇದು ರಾಡನ್ನು ಎತ್ತಿ ಹಿಡಿಯುತ್ತದೆ, ಅಷ್ಟೇ. ಹಿಂದಿನದನ್ನು ತಲೆಕೆಳಗು ಮಾಡಬೇಕು: ಒಂದು ಕೊಂಬೆ ಉದ್ದ, ಇನ್ನೊಂದು ಒಂದು ಗೇಣಿಗೆ ಕಡಿದು ಕೊಕ್ಕೆಯಂತೆ. ಉದ್ದದ ಕೊಂಬೆಯನ್ನು ಚೂಪು ಮಾಡಿ ನೆಲಕ್ಕೆ ಹೊಡೆದಾಗ ಕೊಕ್ಕೆ ಕೆಳಮುಖವಾಗಿ ರಾಡಿನ ಬುಡವನ್ನು ನೆಲಕ್ಕೆ ಅದುಮಿ ಹಿಡಿಯಬೇಕು. ಮೀನು ತುದಿಯನ್ನು ಕೆಳಗೆಳೆದಾಗ ಬುಡ ಮೇಲೇಳುತ್ತದೆ. ಅದನ್ನು ತಡೆಯುವುದು ಈ ಕೊಕ್ಕೆಯೇ. ಕೊಕ್ಕೆಯನ್ನು ರೀಲಿನ ಕಾಲಿಗೆ (ರೀಲನ್ನು ರಾಡಿಗೆ ಸೇರಿಸುವ ದಂಡಿಗೆ) ಒತ್ತಿಕೊಂಡಂತೆ, ಅದರ ಮುಂಭಾಗದಲ್ಲಿ ಕೂರಿಸಿ. ಆಗ ರಾಡ್ ಮುಂದಕ್ಕೆ ಜಾರಲು ಹೋದರೂ ರೀಲು ಕೊಕ್ಕೆಗೆ ಸಿಕ್ಕಿಕೊಂಡು ನಿಲ್ಲುತ್ತದೆ. ಎರಡು ಕವೆಗಳ ನಡುವೆ 60 ಸೆಂ.ಮೀ. ಅಂತರವಿರಲಿ. ಹಸಿ ಕೋಲು ಬಿಸಿಲಿಗೆ ಒಣಗಿ ಸಣ್ಣಗಾಗಿ ಸಂಜೆಹೊತ್ತಿಗೆ ಸಡಿಲವಾಗುತ್ತದೆ. ಮಧ್ಯಾಹ್ನ ಒಮ್ಮೆ ಸುತ್ತಿಗೆಯಿಂದಲೋ ಕಲ್ಲಿನಿಂದಲೋ ಮತ್ತೆ ಬಡಿಯಿರಿ.

ವರ್ಷಗಟ್ಟಲೆ ಬಾಳುವ ವೆಲ್ಡಿಂಗ್ ಸ್ಟ್ಯಾಂಡ್

ಮಣ್ಣಿನ ದಡಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ. ಊರಿನ ಯಾವ ವೆಲ್ಡಿಂಗ್ ಅಂಗಡಿಯಲ್ಲಾದರೂ ಒಂದು ಗಂಟೆಯ ಕೆಲಸ. ಒಂದು ಸ್ಟ್ಯಾಂಡಿಗೆ ಬೇಕಾದದ್ದು:

– 25×25×3 ಮಿ.ಮೀ. ಎಲ್ ಆಂಗಲ್, 80 ಸೆಂ.ಮೀ. (ಎರೆ ಮಣ್ಣಿಗೆ 100 ಸೆಂ.ಮೀ.) ಕಾಲಿಗೆ
– ಅದೇ ಆಂಗಲ್ 15 ಸೆಂ.ಮೀ. ತುಂಡು, ಮೆಟ್ಟುಪಟ್ಟಿಗೆ (ಕಾಲಲ್ಲಿ ಮೆಟ್ಟಿ ನೆಲಕ್ಕಿಳಿಸುವ ಪಟ್ಟಿ)
– ಒಂದೂಕಾಲು ಇಂಚಿನ ಜಿಐ ಪೈಪ್, ಮೀಡಿಯಂ ದರ್ಜೆ, 25 ಸೆಂ.ಮೀ.
– 25×5 ಮಿ.ಮೀ. ಪಟ್ಟಿ, 7 ಸೆಂ.ಮೀ.
– 6 ಮಿ.ಮೀ. ಬೋಲ್ಟ್, 60 ಮಿ.ಮೀ. ಉದ್ದ, ನಟ್ ಸಮೇತ
– ಹಳೆಯ ಸೈಕಲ್ ಟ್ಯೂಬು, ರೆಡ್ ಆಕ್ಸೈಡ್, ಎನಾಮೆಲ್ ಬಣ್ಣ

25×3 ಆಂಗಲ್ ಮೀಟರಿಗೆ 1.1 ಕಿಲೋ ತೂಗುತ್ತದೆ. ಅಂಗಡಿಯವರು ತೂಕಕ್ಕೆ ಕೊಡುವುದರಿಂದ ಇದನ್ನು ತಿಳಿದಿರುವುದು ಒಳ್ಳೆಯದು. ಮೀಟರಿಗೆ 1 ಕಿಲೋ ಕೂಡ ಬರದಿದ್ದರೆ ಅದು 3 ಮಿ.ಮೀ. ದಪ್ಪದ್ದಲ್ಲ. ಪೂರ್ತಿ ಸ್ಟ್ಯಾಂಡ್ ಎರಡು ಕಿಲೋ ಒಳಗಿರುತ್ತದೆ. ಮೂರು ಸ್ಟ್ಯಾಂಡ್ ಹೊತ್ತು ನಡೆಯಬಹುದು.

ಪೈಪು ಕೊಳ್ಳುವಾಗ ನಿಮ್ಮ ರಾಡನ್ನೇ ಅಂಗಡಿಗೆ ಒಯ್ಯಿರಿ. ಒಂದೂಕಾಲು ಇಂಚಿನ ಮೀಡಿಯಂ ಪೈಪಿನ ಒಳ ಅಳತೆ ಸುಮಾರು 36 ಮಿ.ಮೀ. ಟ್ಯೂಬಿನ ಒಳಪದರ ಹಾಕಿದ ಮೇಲೆ 33ರ ಆಸುಪಾಸು ಉಳಿಯುತ್ತದೆ. ಹೆಚ್ಚಿನ ಸ್ಪಿನ್ನಿಂಗ್ ರಾಡುಗಳ ಬುಡ ಇದರಲ್ಲಿ ಸಲೀಸಾಗಿ ಇಳಿಯುತ್ತದೆ. ಬುಡದ ರಬ್ಬರ್ ಟೊಪ್ಪಿ ದಪ್ಪಗಿದ್ದರೆ ಒಂದೂವರೆ ಇಂಚಿನ ಪೈಪು ಬೇಕು. ರಾಡಿನ ತಳದಿಂದ ರೀಲಿನ ಕಾಲಿನವರೆಗೆ ಎಷ್ಟು ಸೆಂ.ಮೀ. ಇದೆ ಎಂದೂ ಅಳೆಯಿರಿ. ಪೈಪಿನ ಬಾಯಲ್ಲಿ ರೀಲಿನ ಕಾಲು ಕೂರಲು ಮಾಡುವ ಕಚ್ಚಿನ ತಳದಿಂದ, ರಾಡಿನ ಬುಡ ಕೂರುವ ಅಡ್ಡ ಬೋಲ್ಟಿನವರೆಗಿನ ಉದ್ದ ಇದಕ್ಕಿಂತ 2 ಸೆಂ.ಮೀ. ಕಡಿಮೆ ಇರಬೇಕು. ಹೆಚ್ಚಾದರೆ ರಾಡ್ ರೀಲಿನ ಕಾಲಿನ ಮೇಲೆ ನೇತಾಡುತ್ತದೆ, ರೀಲ್ ಸೀಟು (ರಾಡಿನಲ್ಲಿ ರೀಲು ಕೂರುವ ಜಾಗ) ಸೀಳುತ್ತದೆ. 6 ಅಡಿಯ ಸಣ್ಣ ರಾಡುಗಳಲ್ಲಿ ರೀಲಿನ ಕಾಲಿನವರೆಗಿನ ಉದ್ದ 20 ಸೆಂ.ಮೀ.ಗಿಂತ ಕಡಿಮೆ ಇರಬಹುದು. ಅಂಥದಕ್ಕೆ ಪೈಪನ್ನೂ ಮೋಟು ಮಾಡಬೇಕು.

1. ಆಂಗಲ್‌ನ ಒಂದು ತುದಿಯಲ್ಲಿ ಎರಡೂ ರೆಕ್ಕೆಗಳನ್ನು 8 ಸೆಂ.ಮೀ. ಉದ್ದಕ್ಕೆ ಓರೆಯಾಗಿ ಕತ್ತರಿಸಿ. ನಡುವಿನ ಏಣು ಮುಂದೆ ಚಾಚಿರಬೇಕು. ಒಂದೇ ರೆಕ್ಕೆ ಕತ್ತರಿಸಿದರೆ ನೆಲಕ್ಕೆ ಬಡಿಯುವಾಗ ಕಾಲು ಒಂದು ಕಡೆಗೆ ಓಡುತ್ತದೆ.

2. ಪೈಪಿನ ಮೇಲ್ತುದಿಯಲ್ಲಿ ರೀಲಿನ ಕಾಲು ಕೂರುವ ಕಚ್ಚು ಮಾಡಿಸಿ: 15 ಮಿ.ಮೀ. ಅಗಲ, 5 ಸೆಂ.ಮೀ. ಆಳ. ಸ್ಪಿನ್ನಿಂಗ್ ರೀಲು ರಾಡಿನ ಕೆಳಗೆ ನೇತಾಡುವುದರಿಂದ ಕಚ್ಚು ನೀರಿನ ಕಡೆಗಿರಬೇಕು. ರಾಡಿನ ಮೇಲೆ ಕೂರುವ ಬೇಟ್‌ಕಾಸ್ಟಿಂಗ್ ರೀಲಾದರೆ ಕಚ್ಚು ನಿಮ್ಮ ಕಡೆಗೆ. ವೆಲ್ಡ್ ಮಾಡಿದ ಮೇಲೆ ಇದು ನೆನಪಾದರೆ ಪ್ರಯೋಜನವಿಲ್ಲ, ಈಗಲೇ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಕಚ್ಚಿನ ಅಂಚುಗಳನ್ನು ಅರದಿಂದ ಉಜ್ಜಿ, ಬೆರಳು ಸವರಿದರೆ ಏನೂ ತಾಗಬಾರದು. ಕಾರ್ಬನ್ ರಾಡಿಗೆ ಒಂದು ಗೀರು ಬಿದ್ದರೆ ಮುಂದೊಂದು ದಿನ ಅದು ಮುರಿಯುವುದು ಆ ಗೀರಿನಲ್ಲೇ.

3. ಪೈಪಿನ ಕೆಳತುದಿಯಿಂದ 2 ಸೆಂ.ಮೀ. ಮೇಲೆ ಆಚೀಚೆ ತೂತು ಕೊರೆದು ಬೋಲ್ಟ್ ಹಾಯಿಸಿ. ರಾಡ್ ಇದರ ಮೇಲೆ ಕೂರುತ್ತದೆ. ಪೈಪಿನ ತಳವನ್ನು ತಗಡು ಹಾಕಿ ಮುಚ್ಚಿಸಬೇಡಿ. ಮುಚ್ಚಿದ ಪೈಪಿನಲ್ಲಿ ಮಳೆನೀರು, ಮಣ್ಣು ತುಂಬಿ ರಾಡಿನ ಬುಡದ ಕಾರ್ಕು ಕೊಳೆಯುತ್ತದೆ.

4. ವೆಲ್ಡ್ ಮಾಡುವ ಜಾಗದಲ್ಲಿ ಪೈಪಿನ ಸತುವಿನ ಲೇಪವನ್ನು ಗ್ರೈಂಡರ್‌ನಿಂದ ಪೂರ್ತಿ ತೆಗೆಸಿ. ಸತು ಉಳಿದರೆ ಬೆಸುಗೆಯಲ್ಲಿ ಗುಳ್ಳೆ ಏಳುತ್ತದೆ, ಹಿಡಿತ ಬರುವುದಿಲ್ಲ. ಅದರ ಬಿಳಿ ಹೊಗೆ ಕುಡಿದವರಿಗೆ ರಾತ್ರಿ ಚಳಿಜ್ವರ ಬರುತ್ತದೆ. ಬಯಲಲ್ಲಿ, ಗಾಳಿಗೆ ಬೆನ್ನು ಮಾಡಿ ಮಾಡಲಿ.

5. ಈಗ ಜೋಡಣೆ. ಆಂಗಲ್‌ನ ಬಾಯಿ ನೀರಿನ ಕಡೆಗೆ. ಮೇಲ್ತುದಿಯಿಂದ 10 ಸೆಂ.ಮೀ. ಕೆಳಗೆ, ಆ ಬಾಯಿಗೆ ಪೈಪಿನ ತಳವನ್ನು ಕೂರಿಸಿ, ಪೈಪನ್ನು ನೀರಿನ ಕಡೆಗೆ 30 ಡಿಗ್ರಿ ವಾಲಿಸಿ ಬೆಸೆಯಿರಿ. ಆಗ ಆಂಗಲ್‌ನ ಮೇಲ್ತುದಿಗೂ ಪೈಪಿನ ಬೆನ್ನಿಗೂ ನಡುವೆ ಆರು ಸೆಂ.ಮೀ. ಸಂದು ಉಳಿಯುತ್ತದೆ. ಅದನ್ನು 25×5 ಪಟ್ಟಿಯಿಂದ ಸೇರಿಸಿ. ಈ ಪಟ್ಟಿಯೇ ಸ್ಟ್ಯಾಂಡಿನ ಜೀವ. ಪಟ್ಟಿ ಇಲ್ಲದಿದ್ದರೆ ಇಡೀ ಎಳೆತ ಕೆಳಗಿನ ಒಂದೇ ಬೆಸುಗೆಯ ಮೇಲೆ ಬಿದ್ದು ಅದು ಬಾಯಿಬಿಡುತ್ತದೆ. ಪಟ್ಟಿ ಇದ್ದರೆ ಮೂರು ಕಡೆ ಬಿಗಿದ ತ್ರಿಕೋನ, ಅಲುಗುವುದಿಲ್ಲ. ಅಂಗಡಿಯವರು ಚುಕ್ಕಿ ಬೆಸುಗೆ ಹಾಕಿ ಮುಗಿಸಲು ನೋಡುತ್ತಾರೆ. ಎರಡೂ ಬದಿಗೆ ಉದ್ದಕ್ಕೂ ಹಾಕಿಸಿಕೊಳ್ಳಿ.

6. ಚೂಪು ತುದಿಯಿಂದ 45 ಸೆಂ.ಮೀ. ಮೇಲೆ (ಎರೆ ಮಣ್ಣಿನದಕ್ಕೆ 60) ಮೆಟ್ಟುಪಟ್ಟಿಯನ್ನು ನೀರಿನ ಕಡೆಗೆ ಚಾಚುವಂತೆ, ಅಗಲದ ಮೈ ನೆಲಕ್ಕೆ ತಾಗುವಂತೆ ಬೆಸೆಯಿರಿ. ಇದು ಕಾಲಲ್ಲಿ ಮೆಟ್ಟಿ ಇಳಿಸುವುದಕ್ಕೆ ಮಾತ್ರ ಅಲ್ಲ. ಸ್ಟ್ಯಾಂಡ್ ನೀರಿನ ಕಡೆ ವಾಲಲು ಹೊರಟಾಗ ಈ ಪಟ್ಟಿ ನೆಲವನ್ನು ಒತ್ತಿ ತಡೆಯುತ್ತದೆ. ಸಡಿಲ ಮಣ್ಣಿನಲ್ಲಿ ಇದರ ಉಪಕಾರ ಕಣ್ಣಿಗೇ ಕಾಣುತ್ತದೆ. ಪಕ್ಕಕ್ಕೆ ಬೆಸೆದ ಪಟ್ಟಿಯಿಂದ ಈ ಲಾಭವಿಲ್ಲ.

7. ಬೆಸುಗೆಯ ಕಿಟ್ಟ ಕುಟ್ಟಿ ತೆಗೆದು, ಉಪ್ಪುಕಾಗದ ಉಜ್ಜಿ, ರೆಡ್ ಆಕ್ಸೈಡ್ ಒಂದು ಕೈ, ಒಣಗಿದ ಮೇಲೆ ಎನಾಮೆಲ್ ಎರಡು ಕೈ. ಮೇಲಿನ ಅರ್ಧಕ್ಕೆ ಹಳದಿಯೋ ಕಿತ್ತಳೆಯೋ ಇರಲಿ. ಹಸಿರು ಬಣ್ಣ ಬಳಿದ ಸ್ಟ್ಯಾಂಡನ್ನು ಕತ್ತಲಲ್ಲಿ ಹುಲ್ಲಿನ ನಡುವೆ ಮರೆತು ಬಂದವರು ಬಹಳ ಜನ.

8. ಪೈಪಿನ ಬಾಯಿಗೆ ಸೈಕಲ್ ಟ್ಯೂಬನ್ನು 6 ಸೆಂ.ಮೀ. ಕತ್ತರಿಸಿ, ಅರ್ಧ ಒಳಗೆ ಅರ್ಧ ಹೊರಗೆ ಮಡಚಿ, ಪಂಕ್ಚರ್ ಅಂಟಿನಿಂದ ಅಂಟಿಸಿ. ಕಚ್ಚಿನ ಜಾಗದಲ್ಲಿ ಟ್ಯೂಬನ್ನು ಸೀಳಿಬಿಡಿ. ತಳದ ಬೋಲ್ಟಿಗೂ ಒಂದು ಸುತ್ತು ಟ್ಯೂಬು ಸುತ್ತಿ.

ವೆಲ್ಡಿಂಗ್ ಬೇಡವೆಂದರೆ

40 ಮಿ.ಮೀ. ಪಿವಿಸಿ ಪೈಪ್ (6 ಕೆಜಿ ಒತ್ತಡದ್ದು, 4 ಕೆಜಿಯದು ತೆಳು), ಅದೇ 25×3 ಆಂಗಲ್, 60 ಮಿ.ಮೀ. ವರೆಗೆ ತೆರೆಯುವ ಎರಡು ಸ್ಟೀಲ್ ಹೋಸ್ ಕ್ಲಾಂಪ್. ನಮ್ಮಲ್ಲಿ ಪಿವಿಸಿ ಪೈಪಿನ 40 ಎಂಬುದು ಹೊರ ಅಳತೆ. 40 ಮಿ.ಮೀ. ದುಂಡು 25 ಮಿ.ಮೀ. ಆಂಗಲ್‌ನ ಬಾಯಿಯಲ್ಲಿ ಅಳೆದು ಮಾಡಿದಂತೆ ಕೂರುತ್ತದೆ, ಎರಡೂ ರೆಕ್ಕೆಗಳಿಗೆ ತಾಗಿಕೊಂಡು. ಪೈಪ್ 30 ಸೆಂ.ಮೀ. ಇರಲಿ, ಅದರಲ್ಲಿ ಕೆಳಗಿನ 18 ಸೆಂ.ಮೀ. ಆಂಗಲ್‌ಗೆ ಒರಗಲಿ, ಕ್ಲಾಂಪುಗಳ ನಡುವೆ 12 ಸೆಂ.ಮೀ. ಇರಲಿ. ಕ್ಲಾಂಪ್ ಕೆಳಕ್ಕೆ ಜಾರದಂತೆ ಆಂಗಲ್‌ನ ಏಣಿನ ಮೇಲೆ ಅರದಿಂದ ಪಟ್ಟಿಯಗಲಕ್ಕೆ 1 ಮಿ.ಮೀ. ಆಳದ ಕಚ್ಚು ಹಾಕಿ. ರಾಡ್ ಕೂರುವ ಅಡ್ಡ ಬೋಲ್ಟನ್ನು ಕೆಳಗಿನ ಕ್ಲಾಂಪಿನ ಮೇಲಂಚಿಗೆ ತಾಗುವಂತೆ ಹಾಕಿದರೆ ಪೈಪೂ ಕೆಳಗೆ ಜಾರುವುದಿಲ್ಲ.

ಪಿವಿಸಿಯಲ್ಲಿ ರೀಲಿನ ಕಚ್ಚು ಮಾಡುವಾಗ ಮೊದಲು ಕಚ್ಚಿನ ತಳದಲ್ಲಿ ಒಂದು ದುಂಡು ತೂತು ಕೊರೆದು, ಆಮೇಲೆ ಹ್ಯಾಕ್ಸಾ ಬ್ಲೇಡಿನಿಂದ ಬಾಯಿಯಿಂದ ತೂತಿನವರೆಗೆ ಎರಡು ಗೆರೆ ಕೊಯ್ಯಿರಿ. ಚೌಕ ಮೂಲೆ ಬಿಟ್ಟರೆ ಪೈಪ್ ಸೀಳುವುದು ಆ ಮೂಲೆಯಿಂದಲೇ.

ಇದರ ಕೊರತೆಯನ್ನೂ ಹೇಳಬೇಕು. ಪೈಪು ಕಾಲಿನ ನೇರಕ್ಕೇ ಇರುವುದರಿಂದ ರಾಡ್ ವಾಲಿಸಬೇಕಾದರೆ ಕಾಲನ್ನೇ ನೀರಿನ ಕಡೆಗೆ ವಾಲಿಸಿ ನೆಡಬೇಕು. ಹಾಗೆ ನೆಟ್ಟ ಕಾಲನ್ನು ಮೀನು ಎಳೆಯುವ ದಿಕ್ಕಿಗೇ ಕೀಳುವುದು ಸುಲಭ. ಅದಕ್ಕೆ 15 ಸೆಂ.ಮೀ. ಹೆಚ್ಚು ಆಳಕ್ಕೆ ಹೊಡೆಯಿರಿ. ಪಿವಿಸಿ ಬಿಸಿಲಿಗೆ ವರ್ಷ ಎರಡು ವರ್ಷದಲ್ಲಿ ಬೆಳ್ಳಗಾಗಿ ಪೆಡಸಾಗುತ್ತದೆ. ಉಗುರಿನಿಂದ ಗೀರಿದರೆ ಪುಡಿ ಬರತೊಡಗಿತು ಅಂದರೆ ಬದಲಿಸುವ ಕಾಲ ಬಂತು. ಬಣ್ಣ ಬಳಿದರೆ ಹೆಚ್ಚು ದಿನ ಬಾಳುತ್ತದೆ.

ಮರಳಿಗೆ ಉದ್ದನೆ ಪೈಪು

ಮರಳು ಸಣ್ಣ ಕಾಲನ್ನು ಹಿಡಿಯುವುದೇ ಇಲ್ಲ, ಅಗಲವಾದ ಮೈ ಬೇಕು. 50 ಮಿ.ಮೀ. ಪಿವಿಸಿ ಪೈಪನ್ನು 1.2 ಮೀಟರ್ ಕತ್ತರಿಸಿ, ಕೆಳತುದಿಯನ್ನು 45 ಡಿಗ್ರಿ ಓರೆಯಾಗಿ ಕೊಯ್ದರೆ ಅದೇ ಕಾಲು, ಅದೇ ಹೋಲ್ಡರ್. ಅಡ್ಡ ಬೋಲ್ಟ್ ಮೇಲಿನಿಂದ 35 ಸೆಂ.ಮೀ. ಕೆಳಗೆ. ಸುತ್ತಿಗೆ ಬೇಡ. ಎರಡು ಕೈಯಲ್ಲಿ ಹಿಡಿದು ಅತ್ತಿತ್ತ ತಿರುಚುತ್ತ ಒತ್ತಿ, ಒಳಗೆ ಮರಳು ತುಂಬಿಕೊಂಡಷ್ಟೂ ಭದ್ರ. ಅರ್ಧ ಮೀಟರಾದರೂ ಇಳಿಯಬೇಕು. ಒಣ ಮರಳಿನಲ್ಲಿ ನಿಲ್ಲದಿದ್ದರೆ ಬುಡಕ್ಕೆ ಎರಡು ಬಕೆಟ್ ನೀರು ಹೊಯ್ದು ಮೆಟ್ಟಿ. ಒದ್ದೆ ಮರಳು ಅಂಟಿಕೊಂಡು ಬಿಗಿಯುತ್ತದೆ. ಅಳಿವೆಯಲ್ಲಿ ಭರತ ಏರುವಾಗ ಅಲೆ ಬುಡದ ಮರಳನ್ನು ತೊಳೆದುಬಿಡುತ್ತದೆ. ಹತ್ತಿಪ್ಪತ್ತು ನಿಮಿಷಕ್ಕೊಮ್ಮೆ ಅಲುಗಿಸಿ ನೋಡಿ ಹಿಂದಕ್ಕೆ ನೆಡುತ್ತಿರಿ.

ಬಂಡೆ, ಕಾಂಕ್ರೀಟು, ಕೆರೆ ಏರಿ

ಕಲ್ಲು ಹೊದಿಸಿದ ಏರಿಯ ಸಂದಿಗೆ ಕಬ್ಬಿಣ ಹೊಡೆಯಲೇಬೇಡಿ. ಆ ಕಲ್ಲುಗಳು ಅಲೆಯ ಹೊಡೆತದಿಂದ ಏರಿಯ ಮಣ್ಣನ್ನು ಕಾಯುತ್ತಿವೆ. ಒಂದು ಕಲ್ಲು ಕದಲಿದರೆ ಪಕ್ಕದ್ದು ಸಡಿಲವಾಗುತ್ತದೆ, ಮಣ್ಣು ತೊಳೆದುಹೋಗುತ್ತದೆ. ನೂರಾರು ವರ್ಷದಿಂದ ಊರನ್ನು ಸಾಕಿದ ಕೆರೆಗಳಿವು. ಒಂದು ಮಧ್ಯಾಹ್ನದ ಮೀನಿಗಾಗಿ ಅವುಗಳ ಏರಿಗೆ ಕೈ ಹಾಕುವುದು ಸರಿಯಲ್ಲ.

ಇಂಥ ಕಡೆ ಪೇಂಟಿನ 20 ಲೀಟರ್ ಖಾಲಿ ಬಕೆಟ್ ಒಯ್ಯಿರಿ. ಒಳಗೆ 40 ಮಿ.ಮೀ. ಪಿವಿಸಿ ಪೈಪಿನ 45 ಸೆಂ.ಮೀ. ತುಂಡನ್ನು ಅಂಚಿಗೆ ಒತ್ತಿ ನಿಲ್ಲಿಸಿ, ಬಕೆಟಿನ ಗೋಡೆಗೆ ಎರಡು ಕಡೆ ತೂತು ಮಾಡಿ ಕೇಬಲ್ ಟೈ ಬಿಗಿಯಿರಿ. ಪೈಪು ನಿಮ್ಮ ಕಡೆಯ ಅಂಚಿನಲ್ಲಿರಲಿ, ನೀರಿನ ಕಡೆಯದರಲ್ಲಿ ಅಲ್ಲ. ದಡದಲ್ಲೇ ಮರಳೋ ಮಣ್ಣೋ ತುಂಬಿ. ಒಣ ಮರಳು ತುಂಬಿದ 20 ಲೀಟರ್ ಬಕೆಟ್ 30 ಕಿಲೋ ತೂಗುತ್ತದೆ. ಕೇಳಲು ಭಾರಿ ಅನಿಸಿದರೂ ತಳದ ಅಗಲ ಒಂದು ಗೇಣು ಚಿಲ್ಲರೆಯಷ್ಟೇ. ತುದಿ 2 ಮೀಟರ್ ಎತ್ತರದಲ್ಲಿದ್ದರೆ 2 ಕಿಲೋ ಎಳೆತಕ್ಕೆ ಬಕೆಟ್ ಮಗುಚುತ್ತದೆ. ಆದ್ದರಿಂದ ಬಕೆಟಿನಲ್ಲಿಟ್ಟ ರಾಡಿನ ಡ್ರ್ಯಾಗ್ 1 ಕಿಲೋ ದಾಟಬಾರದು. ಕೆಲಸ ಮುಗಿದ ಮೇಲೆ ಮರಳನ್ನು ಅಲ್ಲೇ ಸುರಿದು ಬನ್ನಿ.

ಅಂಗಡಿಯದನ್ನು ಕೊಳ್ಳುವಾಗ

ಸಿದ್ಧ ಸ್ಟ್ಯಾಂಡುಗಳಲ್ಲಿ ಎರಡು ಬಗೆ ಹೆಚ್ಚು. ಒಂದು, ತಂತಿ ಬಾಗಿಸಿ ಮಾಡಿದ ಸುರುಳಿ ಹೋಲ್ಡರ್. ಇನ್ನೊಂದು, ಉದ್ದ ಹೆಚ್ಚು ಕಡಿಮೆ ಮಾಡಬಹುದಾದ ಅಲ್ಯೂಮಿನಿಯಂ ಕಡ್ಡಿ, ಮೇಲೆ ಪ್ಲಾಸ್ಟಿಕ್ ಕವೆ. ಸುರುಳಿಯದನ್ನು ಕೊಳ್ಳುವುದಾದರೆ ತಂತಿ 8 ಮಿ.ಮೀ.ಗಿಂತ ಸಣ್ಣದಿದ್ದರೆ ಬೇಡ, ಮತ್ತು ನೆಲದಲ್ಲಿ ತಿರುಗದಂತೆ ಅಡ್ಡ ಕಡ್ಡಿ ಇದೆಯೇ ನೋಡಿ. ಅಲ್ಯೂಮಿನಿಯಂ ಕಡ್ಡಿಗಳು ಜಿಲೇಬಿ ಮೀನಿಗೆ (ತಿಲಾಪಿಯಾ), ಸಣ್ಣ ರೋಹುವಿಗೆ ಸಾಕು. ಆದರೆ ಅವು ರಾಡನ್ನು ಹೊರುತ್ತವೆಯೇ ಹೊರತು ಹಿಡಿದುಕೊಳ್ಳುವುದಿಲ್ಲ. ಅಂಥದರ ಜೊತೆ ಫ್ರೀಸ್ಪೂಲ್ (ಮೀನು ಎಳೆದಾಗ ಸಲೀಸಾಗಿ ಲೈನ್ ಬಿಡುವ ವ್ಯವಸ್ಥೆ) ಇರುವ ರೀಲು ಬಳಸಿ, ಇಲ್ಲವೇ ಕೆಳಗೆ ಹೇಳುವ ಕಟ್ಟುಹಗ್ಗ ಕಡ್ಡಾಯ. ಕೊಳ್ಳುವ ಮುನ್ನ ಎತ್ತರ ಬಿಗಿಯುವ ತಿರುಪನ್ನು ಬಿಗಿದು, ಕಡ್ಡಿಯನ್ನು ನೆಲಕ್ಕೂರಿ ಮೈಭಾರ ಹಾಕಿ. ಅಲ್ಲೇ ಜಾರಿದರೆ ದಡದಲ್ಲೂ ಜಾರುತ್ತದೆ.

ದಡದಲ್ಲಿ ನೆಡುವುದು, ಡ್ರ್ಯಾಗ್ ಹೊಂದಿಸುವುದು

ನೀರಿನಂಚಿನಿಂದ ಎರಡು ಹೆಜ್ಜೆ ಹಿಂದೆ ನೆಡಿ. ಅಂಚಿನ ಮಣ್ಣು ಯಾವಾಗಲೂ ನೆನೆದಿರುತ್ತದೆ. ತುಂಗಭದ್ರಾ, ಕೃಷ್ಣಾ, ಕಾವೇರಿ, ದಾಂಡೇಲಿಯ ಕಾಳಿ ನದಿ, ಇಲ್ಲೆಲ್ಲ ಮೊಸಳೆಗಳಿವೆ. ಅಲ್ಲಿ ಐದಾರು ಹೆಜ್ಜೆ ಹಿಂದಿರಲಿ, ಸಂಜೆ ಮೇಲೆ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂರಬೇಡಿ.

ಕಾಲು ನೆಟ್ಟಗೆ ಇಳಿಯಲಿ. ಮರದ ತುಂಡು ಇಟ್ಟು ಆಂಗಲ್‌ನ ಮೇಲ್ತುದಿಗೆ ಹಿಂಬದಿಯಿಂದ ಹೊಡೆಯಿರಿ, ಪೈಪಿಗೆ ಎಂದೂ ಹೊಡೆಯಬೇಡಿ. ಮೆಟ್ಟುಪಟ್ಟಿ ನೆಲಕ್ಕೆ ಅಂಟುವವರೆಗೆ ಇಳಿಸಿ, ಸುತ್ತ ಹಿಮ್ಮಡಿಯಿಂದ ಮೆಟ್ಟಿ. ಎರಡು ಸ್ಟ್ಯಾಂಡುಗಳ ನಡುವೆ ಒಂದೂವರೆ ಮೀಟರ್ ಬಿಟ್ಟರೆ ಲೈನುಗಳು ಹೆಣೆದುಕೊಳ್ಳುವುದು ಕಡಿಮೆ.

ಈಗ ಡ್ರ್ಯಾಗ್. ಕೈಯಲ್ಲಿ ಹಿಡಿದ ರಾಡಿಗೆ ತಂಗೂಸಿಯ (ಲೈನಿನ) ತಾಕತ್ತಿನ ಮೂರನೇ ಒಂದು ಭಾಗದವರೆಗೆ ಬಿಗಿಯಬಹುದು. ಸ್ಟ್ಯಾಂಡಿನಲ್ಲಿಟ್ಟ ರಾಡಿಗೆ ಕಾಲು ಭಾಗ ಸಾಕು. 6 ಕಿಲೋ ತಂಗೂಸಿಗೆ ಒಂದೂವರೆ ಕಿಲೋ. ಬೆರಳಿನ ಅಂದಾಜು ಬೇಡ. ಲಗೇಜು ತೂಗುವ ಸಣ್ಣ ತಕ್ಕಡಿ ತೆಗೆದುಕೊಂಡು ಲೈನಿನ ತುದಿ ಅದರ ಕೊಕ್ಕೆಗೆ ಕಟ್ಟಿ. ರಾಡ್ ಸ್ಟ್ಯಾಂಡಿನಲ್ಲೇ ಇರಲಿ, ಇನ್ನೊಬ್ಬರು ನೀರಿನ ಕಡೆ ನಿಂತು ನಿಧಾನಕ್ಕೆ ಎಳೆಯಲಿ. ಒಂದೂವರೆ ಕಿಲೋ ತೋರಿಸುವಾಗ ರೀಲು ಕಿರ್ರೆಂದು ಲೈನ್ ಬಿಡಬೇಕು. ಅದೇ ವೇಳೆ ನೀವು ಸ್ಟ್ಯಾಂಡಿನ ಬುಡ ನೋಡುತ್ತಿರಿ. ಹಿಂಬದಿಯಲ್ಲಿ, ಕಾಲಿಗೂ ಮಣ್ಣಿಗೂ ನಡುವೆ ಕೂದಲೆಳೆಯಷ್ಟು ಸಂದು ಕಾಣಿಸಿದರೂ ಸಾಕು, ಆ ಜಾಗ ಸೋತಿತು ಎಂದೇ ಅರ್ಥ. ಮೊದಲ ಎಳೆತಕ್ಕೆ ಕೂದಲೆಳೆಯಾದದ್ದು ಐದನೇ ಎಳೆತಕ್ಕೆ ಬೆರಳಗಲವಾಗುತ್ತದೆ. ಕಿತ್ತು ಬೇರೆ ಕಡೆ ಇನ್ನೂ ಆಳಕ್ಕೆ ನೆಡಿ.

ಮಣ್ಣು ಎಲ್ಲೂ ಗಟ್ಟಿಯಿಲ್ಲವೆಂದರೆ ರಾಡನ್ನು ತಗ್ಗಿಸಿ. ತುದಿ ಲೈನಿನ ನೇರಕ್ಕೆ ಬಂದಷ್ಟೂ ಮೀನಿನ ಎಳೆತ ಸ್ಟ್ಯಾಂಡನ್ನು ಮಗುಚುವುದು ಕಡಿಮೆಯಾಗಿ ನೇರ ರೀಲಿಗೆ ಬೀಳುತ್ತದೆ. ಎರಡು ಕವೆಯ ವಿಧಾನ ಸಡಿಲ ನೆಲದಲ್ಲೂ ನಡೆಯುವುದು ಇದರಿಂದಲೇ. ಆದರೆ ತಗ್ಗಿಸಿದ ರಾಡಿನಲ್ಲಿ ಬಾಗುವ ತುದಿ ಎಳೆತವನ್ನು ನುಂಗಿಕೊಳ್ಳುವುದಿಲ್ಲ, ಡ್ರ್ಯಾಗ್ ಇನ್ನೂ ಸಡಿಲ ಬೇಕು.

ಕಟ್ಟುಹಗ್ಗ ಮರೆಯಬೇಡಿ. 3 ಮಿ.ಮೀ. ನೈಲಾನ್ ಹಗ್ಗ, ಒಂದೂವರೆ ಮೀಟರ್. ಒಂದು ತುದಿ ರೀಲ್ ಸೀಟಿನ ಹಿಂದೆ ರಾಡಿಗೆ, ಇನ್ನೊಂದು ತುದಿ ಸ್ಟ್ಯಾಂಡಿಗಲ್ಲ, ಹಿಂದೆ ಬೇರೆಯಾಗಿ ಹೊಡೆದ ಗೂಟಕ್ಕೋ ಮರದ ಬೇರಿಗೋ. ಸ್ಟ್ಯಾಂಡಿಗೇ ಕಟ್ಟಿದರೆ ಸ್ಟ್ಯಾಂಡ್ ಕಿತ್ತು ಬಂದ ದಿನ ಎರಡೂ ಹೋಗುತ್ತವೆ. ರಾಡಿನ ಕಡೆ ಜಾರುಗಂಟಾಗಿರಲಿ, ಮೀನು ಹಿಡಿದಾಗ ಒಂದೇ ಎಳೆತಕ್ಕೆ ಬಿಚ್ಚಬೇಕು.

ತುದಿಗೆ ಗಂಟೆಯ ಬದಲು ಒಂದು ಗೆಜ್ಜೆ ಕಟ್ಟಿ ನೋಡಿ. ಬಟ್ಟೆ ಒಣಹಾಕುವ ಕ್ಲಿಪ್ಪಿಗೆ ಗೆಜ್ಜೆ ಹೊಲಿದು ತುದಿಯಿಂದ ಒಂದು ಅಡಿ ಕೆಳಗೆ ಸಿಕ್ಕಿಸಿದರೆ, ಮೃಗಾಲ್ ಮೀನು ಮೂತಿ ತಾಗಿಸಿದರೂ ಕೇಳಿಸುತ್ತದೆ. ಗಾಳಿ ಜೋರಿದ್ದ ದಿನ ಪ್ರಯೋಜನವಿಲ್ಲ.

ಕೆಡುವುದು ಎಲ್ಲಿ

ಒಂದೇ ದಿನದಲ್ಲಿ ಕಾಲು ಸಡಿಲವಾಯಿತೆಂದರೆ ಹೆಚ್ಚಾಗಿ ರಾಡ್ ತೆಗೆಯುವ ರೀತಿ ತಪ್ಪು. ಮೀನು ಬಿದ್ದ ಗಡಿಬಿಡಿಯಲ್ಲಿ ರಾಡನ್ನು ಹಿಂದಕ್ಕೆ ಜಗ್ಗಿದರೆ ಪೈಪಿನ ಬಾಯಿಗೆ ಸಿಕ್ಕಿಕೊಂಡು ಸ್ಟ್ಯಾಂಡನ್ನೇ ಅಲುಗಿಸುತ್ತೀರಿ, ಕೆಲವೊಮ್ಮೆ ರಾಡೂ ಮುರಿಯುತ್ತದೆ. ಒಂದು ಕೈ ರೀಲಿನ ಮುಂದೆ, ಒಂದು ಕೈ ಹಿಂದೆ, ಪೈಪಿನ ನೇರಕ್ಕೆ ಮೇಲೆತ್ತಿ, ಆಮೇಲೆ ಎಳೆಯಿರಿ. ಖಾಲಿ ರಾಡಿನಲ್ಲಿ ಹತ್ತು ಸಲ ಅಭ್ಯಾಸ ಮಾಡಿದರೆ ಕೈಗೆ ಬರುತ್ತದೆ.

ರಾಡ್ ಪೈಪಿನಲ್ಲಿ ಗಟ್ಟಿಯಾಗಿ ಸಿಕ್ಕಿಕೊಂಡರೆ ಟ್ಯೂಬಿನ ಒಳಪದರ ದಪ್ಪವಾಗಿದೆ, ಇಲ್ಲವೇ ಒಳಗೆ ಮರಳು ಸೇರಿದೆ. ರಾಡ್ ತಾನೇ ತಿರುಗುತ್ತಿದ್ದರೆ ಕಚ್ಚು ಅಗಲವಾಗಿದೆ, ಒಂದು ಸುತ್ತು ಇನ್ಸುಲೇಷನ್ ಟೇಪ್ ಸುತ್ತಿ. ಬೆಸುಗೆಯ ಪಕ್ಕ ಬಣ್ಣದಲ್ಲಿ ಕೂದಲೆಳೆಯ ಗೀರು, ಅದರಲ್ಲಿ ತುಕ್ಕಿನ ಕೆಂಪು ಕಂಡರೆ ಅದು ಬಣ್ಣದ ಬಿರುಕಲ್ಲ, ಬೆಸುಗೆಯ ಬಿರುಕು. ಮುಂದಿನ ಸಲ ಒಯ್ಯುವ ಮೊದಲೇ ಮತ್ತೆ ಬೆಸೆಯಿಸಿ.

ಇನ್ನೂ ಮೂರು ಮಾತು, ಮೂರೂ ಮುಖ್ಯ

ಏಪ್ರಿಲ್–ಮೇ ತಿಂಗಳ ಸಂಜೆ ಗುಡುಗು ಕೇಳಿಸಿದೊಡನೆ ರಾಡುಗಳನ್ನು ಇಳಿಸಿ ನೆಲಕ್ಕೆ ಮಲಗಿಸಿ, ದಡ ಬಿಟ್ಟು ಹೋಗಿ. ಬಯಲಲ್ಲಿ ನೆಟ್ಟಗೆ ನಿಂತ ಕಾರ್ಬನ್ ರಾಡ್, ಕೆಳಗೆ ಕಬ್ಬಿಣದ ಕಾಲು, ಇದಕ್ಕಿಂತ ಒಳ್ಳೆಯ ಸಿಡಿಲುಕಂಬ ಬೇಡ. ಕಾರ್ಬನ್ ವಿದ್ಯುತ್ತನ್ನು ಹರಿಸುತ್ತದೆ. ಮೇಲೆ ಕರೆಂಟಿನ ತಂತಿ ಹಾದುಹೋದ ಕಡೆಯೂ ಸ್ಟ್ಯಾಂಡ್ ನೆಡಬೇಡಿ, ಎಸೆಯಲೂ ಬೇಡಿ.

ಕೆರೆಗಳ ಮೀನಿನ ಹಕ್ಕನ್ನು ಮೀನುಗಾರಿಕೆ ಇಲಾಖೆಯೋ ಗ್ರಾಮ ಪಂಚಾಯಿತಿಯೋ ಗುತ್ತಿಗೆಗೆ ಕೊಟ್ಟಿರುತ್ತವೆ. ಗುತ್ತಿಗೆದಾರರನ್ನೋ ಸಹಕಾರ ಸಂಘದವರನ್ನೋ ಕೇಳಿಯೇ ಕೂರಿ. ಮರಿ ಬಿಟ್ಟು ಸಾಕಿದವರ ಮೀನು ಅದು.

ವನ್ಯಜೀವಿ ಧಾಮದೊಳಗೆ ಅನುಮತಿಯಿಲ್ಲದೆ ಗಾಳ ಹಾಕಬೇಡಿ. ಕಾವೇರಿಯ ಕಿತ್ತಳೆ ರೆಕ್ಕೆಯ ಮಹಶೀರ್ 2018ರಿಂದ ಐಯುಸಿಎನ್ (ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟ) ಪಟ್ಟಿಯಲ್ಲಿ ಅಳಿವಿನ ತೀರಾ ಅಂಚಿನಲ್ಲಿರುವ ಮೀನು. ಬೇರೆ ಮೀನಿಗೆ ಹಾಕಿದ ಗಾಳಕ್ಕೆ ಅದು ಬಿದ್ದರೆ ನೀರಲ್ಲಿಟ್ಟೇ ಕೊಕ್ಕೆ ಬಿಡಿಸಿ ಬಿಡಿ. ಸ್ಟ್ಯಾಂಡಿನಲ್ಲಿಟ್ಟ ರಾಡಿಗೆ ಬಿದ್ದ ಮೀನು ಗಾಳವನ್ನು ಗಂಟಲವರೆಗೆ ನುಂಗುವ ಸಂಭವ ಹೆಚ್ಚು. ಹಾಗಾಗಿ ರಾಡ್ ಬಿಟ್ಟು ದೂರ ಹೋಗದಿರುವುದು ಮೀನಿಗೂ ಒಳ್ಳೆಯದು.

ಎದ್ದು ಹೊರಡುವಾಗ ಸ್ಟ್ಯಾಂಡ್ ಬರದಿದ್ದರೆ ಪೈಪು ಹಿಡಿದು ಅಲ್ಲಾಡಿಸಬೇಡಿ, ಬೆಸುಗೆ ಹೋಗುವುದು ಆಗಲೇ. ಮೆಟ್ಟುಪಟ್ಟಿಯ ಕೆಳಗೆ ಹಾರೆ ತೂರಿಸಿ ಮೀಟಿದರೆ ಬರುತ್ತದೆ. ಕಿತ್ತ ಕುಳಿಗೆ ಮಣ್ಣು ತುಂಬಿ ಮೆಟ್ಟಿ. ಮುರಿದ ಕಾಲಿನ ತುಂಡು ಒಳಗುಳಿದರೆ ಅಗೆದು ತೆಗೆಯಿರಿ. ನಾಳೆ ಬೆಳಗ್ಗೆ ಅದೇ ದಡಕ್ಕೆ ದನ ನೀರಿಗಿಳಿಯುತ್ತವೆ, ಮಕ್ಕಳು ಬರಿಗಾಲಲ್ಲಿ ಈಜಲು ಬರುತ್ತಾರೆ.